ವೈದ್ಯರು ಬೇಡವೆಂದ ಮಾತುಕತೆಗೆ ನಾನು ಹೋದದ್ದು

ಮೊದಲು ತಪ್ಪನ್ನು ಹೇಳಿಬಿಡುತ್ತೇನೆ, ಕಾಯಿಲೆಯನ್ನು ಆಮೇಲೆ. ಆರು ವಾರ ಸ್ಕೂಟರ್ ಮುಟ್ಟಬೇಡಿ, ಯಾವ ಜಗಳಕ್ಕೂ ಹೋಗಬೇಡಿ ಎಂದು ವೈದ್ಯರು ಹೇಳಿದ ಹನ್ನೊಂದನೆಯ ದಿನ ನಾನು ಸ್ಕೂಟರ್ ಏರಿ ಪೀಣ್ಯದ ಒಂದು ಕಾರ್ಖಾನೆಗೆ ಮಾತುಕತೆಗೆ ಹೋದೆ. ಆ ಮೇಜಿನ ಮೇಲಿದ್ದದ್ದು ನನ್ನ ಬದುಕಲ್ಲ, ರೇಣುಕಾಳದು. ಅದನ್ನು ಕೆಡಿಸಿ ಬಂದೆ. ಇಂಥದೇ ಕಾಯಿಲೆಯವರು ಇದನ್ನು ಓದಿದರೆ, ನಡುಕ ತಮ್ಮೊಬ್ಬರದೇ ಅಲ್ಲ ಎಂಬ ಧೈರ್ಯ ಬರಲಿ ಎಂದು ಬರೆಯುತ್ತಿದ್ದೇನೆ. ಆದರೆ ಆ ಧೈರ್ಯವನ್ನು ನನ್ನ ತಪ್ಪನ್ನು ಮುಚ್ಚಿಟ್ಟುಕೊಂಡು ಹಂಚಲಾರೆ.

ಹದಿನೈದು ವರ್ಷಗಳಿಂದ ನಾನು ಪೀಣ್ಯದ ಸಣ್ಣ ಕಾರ್ಖಾನೆಗಳ ಹೆಣ್ಣುಮಕ್ಕಳ ನಡುವೆ ಸಂಘಟನೆಯ ಕೆಲಸ ಮಾಡುತ್ತಿದ್ದೇನೆ. ಲಗ್ಗೆರೆಯಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಕೋಣೆ ನಮ್ಮ ಕಚೇರಿ. ಯಾವ ಕಾರ್ಖಾನೆಯಲ್ಲಿ ಶೌಚಾಲಯಕ್ಕೆ ಹೋಗಲು ಚೀಟಿ ಕೇಳುತ್ತಾರೆ, ಎಲ್ಲಿ ಗುತ್ತಿಗೆಯವರಿಗೆ ಕುಡಿಯುವ ನೀರಿನ ಲೋಟ ಬೇರೆ ಇಡುತ್ತಾರೆ, ಎಲ್ಲಿ ಪಾಳಿ ಮುಗಿಯುವ ತನಕ ಹೊರಬಾಗಿಲಿಗೆ ಬೀಗ ಹಾಕುತ್ತಾರೆ ಎಂಬುದೆಲ್ಲ ನನ್ನ ನೋಟುಪುಸ್ತಕದಲ್ಲಿದೆ. ಅನ್ಯಾಯವನ್ನು ಹೆಸರಿಟ್ಟು ಕರೆಯದಿದ್ದರೆ ಅದು ಪದ್ಧತಿಯಾಗಿಬಿಡುತ್ತದೆ ಎಂದು ನಾನು ಕಲಿತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಇವತ್ತಿಗೂ ನಂಬುತ್ತೇನೆ.

ರೇಣುಕಾ ಯಾದಗಿರಿಯ ಕಡೆಯವಳು. ತಗಡಿನ ಬಿಡಿಭಾಗಗಳನ್ನು ಒತ್ತುವ ಪವರ್ ಪ್ರೆಸ್ ಯಂತ್ರದಲ್ಲಿ ಕೆಲಸಕ್ಕಿದ್ದಳು. ಆ ಯಂತ್ರಕ್ಕೆ ಎರಡು ಬಟನ್ ಇರುತ್ತವೆ. ಎರಡನ್ನೂ ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದಾಗ ಬೆರಳು ಅಚ್ಚಿನಡಿಗೆ ಹೋಗುವಂತಿಲ್ಲ ಎಂಬುದೇ ಆ ಏರ್ಪಾಡು. ಆದರೆ ಗಂಟೆಗೆ ಇಷ್ಟು ಪೀಸು ಎಂದು ಕೂಗುವ ಕಡೆ ಒಂದು ಬಟನನ್ನು ಟೇಪ್ ಸುತ್ತಿ ಸದಾ ಒತ್ತಿಯೇ ಇರುವಂತೆ ಮಾಡುತ್ತಾರೆ. ಒಂದು ಕೈ ಬಟನ್ ಒತ್ತುತ್ತದೆ, ಇನ್ನೊಂದು ಕೈ ತಗಡು ಇಡುತ್ತದೆ, ಕೆಲಸ ಬೇಗ ಸಾಗುತ್ತದೆ. ಹಾಗೆ ಸಾಗುತ್ತಿದ್ದ ಒಂದು ಬೆಳಿಗ್ಗೆ ರೇಣುಕಾಳ ಬಲಗೈಯ ಎರಡು ಬೆರಳು ಹೋದವು.

ಗಾಯ ಮಾಗಿ, ಹಗುರವಾದ ಕೆಲಸ ಮಾಡಬಹುದೆಂಬ ವೈದ್ಯರ ಪತ್ರ ಹಿಡಿದು ಹೋದರೆ ಗೇಟಿನಲ್ಲೇ ತಡೆದರು. ಅವಳು ಕೇಳಿದ್ದು ಒಂದೇ: ತಪಾಸಣೆಯ ಮೇಜಿನಲ್ಲಿ, ಕೂತು ಪೀಸು ನೋಡಿ ಬೇರ್ಪಡಿಸುವ ಕಡೆ, ಒಂದು ಜಾಗ. ಊರಿಗೆ ಹಿಂದಿರುಗಿದರೆ ತನ್ನ ಕೈಯ ಕಥೆಯನ್ನೇ ದಿನವೂ ಹೇಳುತ್ತ ಕೂರಬೇಕು, ಅದು ತನಗೆ ಬೇಡ ಎಂದಿದ್ದಳು. ನಾನು ಹಲವು ಸಲ ಫೋನು ಮಾಡಿ, ಪತ್ರ ಬರೆದು, ಕೊನೆಗೆ ಕಾರ್ಖಾನೆಯ ಮ್ಯಾನೇಜರ್ "ಬನ್ನಿ, ಕೂತು ಮಾತಾಡೋಣ" ಎನ್ನುವ ಮಟ್ಟಕ್ಕೆ ತಂದಿದ್ದೆ.

ಆ ತಿಂಗಳುಗಳಲ್ಲೇ ನನ್ನ ದೇಹ ನನ್ನ ಕೈತಪ್ಪುತ್ತಿತ್ತು. ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೆ, ರವಿಕೆಗಳು ಸಡಿಲವಾಗುತ್ತಿದ್ದವು. ಎಲ್ಲರೂ ಹೊದ್ದು ಕೂತ ಬೆಳಗಿನಲ್ಲಿ ನಾನು ಫ್ಯಾನ್ ಹಾಕುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು; ಒಂದು ಪತ್ರ ಬರೆಯುತ್ತಿರುವಾಗಲೇ ಇನ್ನೊಂದನ್ನು ಶುರು ಮಾಡುತ್ತಿದ್ದೆ. ಎದೆಯೊಳಗೆ ಯಾರೋ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಂತೆ ಬಡಿತ. ಕಚೇರಿಗೆ ಬರುವ ಹೆಂಗಸರು ಸಣ್ಣಗಾಗಿದ್ದೀರಿ, ಚೆನ್ನಾಗಿ ಕಾಣ್ತೀರಿ ಎಂದು ಹೊಗಳಿದರು. ನಾನಾದರೋ ಅದನ್ನು ಹೋರಾಟದ ಕಾವು ಎಂದುಕೊಂಡು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಲಿಲ್ಲವೆಂದಲ್ಲ. ಅಲ್ಲಿನ ವೈದ್ಯ ನನ್ನ ವಯಸ್ಸು ಕೇಳಿದ, ನಾಡಿ ಹಿಡಿಯದೆಯೇ ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಮೇಡಂ ಎಂದು ಕಳಿಸಿದ. ನಲವತ್ತು ದಾಟಿದ ಹೆಂಗಸಿನ ಕೈ ನಡುಗಿದರೆ ಅದು ಟೆನ್ಷನ್, ಗಂಡಸಿನ ಕೈ ನಡುಗಿದರೆ ರಕ್ತಪರೀಕ್ಷೆ. ಇದೂ ಹೆಸರಿಡಬೇಕಾದ ಅನ್ಯಾಯವೇ. ಆದರೆ ಆತನ ಮಾತು ನನಗೆ ಹಿತವಾಗಿಯೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಕಾಯಿಲೆಯಿಲ್ಲ ಎಂದರೆ ನಿಲ್ಲಬೇಕಾಗಿಲ್ಲವಲ್ಲ.

ಕಂಡುಹಿಡಿದವರು ನನ್ನ ಅತ್ತೆ. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅದೇ ಮನೆಯಲ್ಲಿರುವವರು, ದನಕರುಗಳ ಕಾಯಿಲೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದವರು. ಒಂದು ಮಧ್ಯಾಹ್ನ ನಾನು ನಿಂತೇ ನೀರು ಕುಡಿಯುತ್ತಿದ್ದಾಗ ನೆಟ್ಟ ನೋಟದಿಂದ ನೋಡಿದರು.

"ಇನ್ನೊಂದ್ಸಲ ಕುಡಿಯಮ್ಮಿ," ಎಂದರು. ಕುಡಿದೆ. "ನುಂಗುವಾಗ ಕುತ್ತಿಗೇಲಿ ಏನೋ ಮೇಲಕ್ಕೂ ಕೆಳಕ್ಕೂ ಓಡಾಡ್ತದೆ. ಕಣ್ಣು ನೋಡಿದ್ರೆ ಯಾರೋ ಎದರಿಸ್ದಂಗೆ ಬಿಟ್ಕೊಂಡವೆ. ಉಣ್ಣೋದು ಇಬ್ಬರೂಟ, ಒಣಗೋದು ಇಂಗೆ. ಊರೋರ ಕಷ್ಟ ಎಲ್ಲ ಬರ್ಕೊಳ್ತೀಯಲ್ಲ, ನಿಂದೂ ಒಂದು ಸಾಲು ಬರ್ಕೊ."

ಮಾರನೆಯ ದಿನ ಪತಿ ಮಂಜುನಾಥ ಲೋಹ ಕಡೆಯುವ ಲೇತ್ ಶೆಡ್ಡಿನ ಕೆಲಸಕ್ಕೆ ರಜೆ ಹಾಕಿ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಕಾಯುವ ಹಜಾರದಲ್ಲಿ ನೂರಾರು ಜನರಿಗೆ ನಾಲ್ಕು ಬೆಂಚು. ಗರ್ಭಿಣಿಯೊಬ್ಬಳು ಗೋಡೆಗೆ ಒರಗಿ ನಿಂತಿದ್ದಳು. ಟೋಕನ್ ಕೊಡುವವನು ಸರಿಯಾಗಿ ಕನ್ನಡ ಓದಲು ಬಾರದ ಮುದುಕನನ್ನು ಗದರಿಸುತ್ತಿದ್ದ. ಅಲ್ಲೇ ದೂರು ಬರೆಯಲು ಕುಳಿತೆ. ಅರ್ಧ ಪುಟವಾದ ಮೇಲೆ ಓದಿಕೊಂಡರೆ ನನ್ನ ಅಕ್ಷರ ನನಗೇ ತಿಳಿಯಲಿಲ್ಲ. ಸಾಲುಗಳು ತುಳಿದ ಇರುವೆಸಾಲಿನ ಹಾಗೆ ಚೆದುರಿದ್ದವು. ಮೊದಲ ಬಾರಿ ಹೆದರಿದೆ. ಸಾವಿಗಲ್ಲ, ಬರೆಯಲಾಗದೆ ಹೋಗುವುದಕ್ಕೆ.

ವೈದ್ಯೆ ನನಗಿಂತ ಚಿಕ್ಕವರು. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಗೆ ಸಿಕ್ಕಂತೆ ಪಟಪಟ ಅಲುಗಿತು. ರಕ್ತಪರೀಕ್ಷೆಯ ಫಲಿತಾಂಶ ಬಂದ ಮೇಲೆ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ, ಹೃದಯ ದಣಿದಿದೆ, ಮಾತ್ರೆಗಳು ಹಿಡಿತಕ್ಕೆ ತರಲು ವಾರಗಳು ಬೇಕು ಎಂದರು. ಸ್ಕೂಟರ್ ಬೇಡ, ಜಗಳ ಬೇಡ, ದೊಡ್ಡ ತೀರ್ಮಾನ ಯಾವುದೂ ಬೇಡ. ಜಗಳವೇ ನನ್ನ ಕೆಲಸ ಎಂದೆ, ನಗಿಸಲೆಂದು. ಅವರು ನಗಲಿಲ್ಲ.

"ಈಗ ಕೆಲವು ವಾರ ನಿಮಗೆ ಬರೋ ಕೋಪ ಎಲ್ಲಾ ನಿಮ್ಮದೇ ಅಂತ ನಂಬಬೇಡಿ ಮೇಡಂ," ಎಂದರು.

ಅದು ನನಗೆ ಅವಮಾನವೆನಿಸಿತು. ಹೆಂಗಸರ ಸಿಟ್ಟನ್ನು ಗರ್ಭಕೋಶಕ್ಕೋ ನರಕ್ಕೋ ಗಂಟುಹಾಕಿ ಕೈತೊಳೆದುಕೊಳ್ಳುವ ಹಳೆಯ ಚಾಳಿಯನ್ನು ನಾನು ವೇದಿಕೆಗಳಲ್ಲಿ ಖಂಡಿಸಿದ್ದೇನೆ. ಈಗ ಗ್ರಂಥಿಯೊಂದು ಸೇರಿಕೊಂಡಿತು ಎಂದುಕೊಂಡೆ. ದಾರಿಯುದ್ದಕ್ಕೂ ಮಂಜುನಾಥನೊಡನೆ ಅದೇ ವಾದ. ಮನೆ ಮುಟ್ಟುವ ಹೊತ್ತಿಗೆ ಅವನು ಹೇಳಿದ್ದು ಇಷ್ಟೇ: ಡಾಕ್ಟರು ಕೋಪ ಸುಳ್ಳು ಅನ್ನಲಿಲ್ಲ, ಲೆವೆಲ್ ಚೆಕ್ ಮಾಡ್ಕೊ ಅಂದ್ರು. ಪಕ್ಕದ ಮನೆಯಾಕೆ ಬಂದು, ನಮಗೆಲ್ಲ ದಪ್ಪ ಆಗೋ ಥೈರಾಯ್ಡ್, ನಿಮಗೆ ಸಣ್ಣ ಆಗೋದು ಬಂದಿದೆ, ಅದೃಷ್ಟ ಕಣ್ರೀ ಎಂದು ಹೊಟ್ಟೆಕಿಚ್ಚುಪಟ್ಟಳು.

ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ರೇಣುಕಾಳಿಗಂತೂ ಹೇಳಲೇ ಇಲ್ಲ. ಹೇಳಿದರೆ ಅವಳು ಹೆದರುತ್ತಾಳೆ ಎಂಬುದು ನನಗೆ ನಾನು ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಬೇರೆ: ನಾನಿಲ್ಲದೆಯೂ ಆ ಮಾತುಕತೆ ನಡೆಯಬಹುದು ಎಂಬ ಯೋಚನೆಯನ್ನೇ ನಾನು ತಾಳಲಾರದವಳಾಗಿದ್ದೆ. ದಿನಾಂಕ ಮುಂದಕ್ಕೆ ಹಾಕಿಸಬಹುದಿತ್ತು. ಒಂದು ಫೋನಿನ ಕೆಲಸ.

ಕಾರ್ಖಾನೆಗಳ ಮಾತುಕತೆಗೆ ಒಂದು ರೀತಿಯಿದೆ. ಸಂದರ್ಶಕರ ಕೋಣೆಯಲ್ಲಿ ಕೂರಿಸುತ್ತಾರೆ, ಚಹಾ ಬರುತ್ತದೆ, ಮ್ಯಾನೇಜರ್ ಮೊದಲಿಗೆ ಒಂದು ಸಣ್ಣ ಚುಚ್ಚುಮಾತು ಆಡುತ್ತಾನೆ. ಅದನ್ನು ನುಂಗಿದರೆ ಮುಂದಿನದು ಸಲೀಸು. ಕೊಡಬೇಕೆಂದು ಮೊದಲೇ ತೀರ್ಮಾನಿಸಿದ್ದನ್ನು ಕೊಡುವ ಮುನ್ನ ಒಂದು ಸಲ ತಾನೇ ದೊಡ್ಡವನೆಂದು ತೋರಿಸಿಕೊಳ್ಳುವುದು ಅವನ ಅಗತ್ಯ. ಹದಿನೈದು ವರ್ಷಗಳಲ್ಲಿ ಇಂಥ ಎಷ್ಟೋ ಮಾತುಗಳನ್ನು ಚಹಾದ ಜೊತೆ ನುಂಗಿದ್ದೇನೆ. ಆ ದಿನ ರೇಣುಕಾ ನನ್ನ ಪಕ್ಕದಲ್ಲೇ ಕೂತಿದ್ದಳು.

"ನಾನೇನು ಇಲ್ಲ ಅಂತಿಲ್ಲ ಮೇಡಂ," ಎಂದ ಮ್ಯಾನೇಜರ್. "ಟೇಬಲ್ ಕೆಲಸ ನೋಡೋಣ. ಆದ್ರೆ ಬಟನ್‌ಗೆ ಟೇಪ್ ಸುತ್ತಿದ್ದು ಯಾರು, ಅವರೇ ತಾನೆ? ನಾವು ಬೆರಳು ಕೊಡಿ ಅಂತ ಕೇಳಿದ್ವಾ?"

ಟೇಬಲ್ ಕೆಲಸ ನೋಡೋಣ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಎದ್ದು ನಿಂತೆ. ಕೈ ತಗುಲಿ ಚಹಾ ರೇಣುಕಾಳ ವೈದ್ಯಕೀಯ ಪತ್ರದ ಮೇಲೆ ಚೆಲ್ಲಿತು. ಶೌಚಾಲಯದ ಚೀಟಿ, ಬೀಗ, ಬೇರೆ ಲೋಟ, ಪುಸ್ತಕದಲ್ಲಿದ್ದದ್ದನ್ನೆಲ್ಲ ಒಂದರ ಹಿಂದೊಂದು ಹೇಳತೊಡಗಿದೆ. ಒಂದೂ ಸುಳ್ಳಲ್ಲ. ನನ್ನ ಧ್ವನಿ ನನ್ನ ಮುಂದೆ ಓಡುತ್ತಿತ್ತು, ನಾನು ಅದರ ಹಿಂದೆ. ಟೇಪ್ ಸುತ್ತಿಸಿದ್ದು ನಿಮ್ಮ ಸೂಪರ್ವೈಸರ್, ನೋಡಿದವರಿದ್ದಾರೆ ಎಂದೆ. ಯಾರು ಎಂದು ಅವನು ಕೇಳಿದ.

ನಾನು ಹೆಸರು ಹೇಳಿದೆ.

ಅದೇ ಯಂತ್ರಸಾಲಿನ ಹೆಂಗಸೊಬ್ಬರು ನಮ್ಮ ಗಿರಣಿಯ ಮೇಲಿನ ಕೋಣೆಗೆ ಬಂದು, ಬಾಗಿಲು ಹಾಕಿಸಿ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು ತಿಳಿಸಿದ್ದ ಸಂಗತಿ ಅದು. ಅನ್ಯಾಯವನ್ನು ಹೆಸರಿಸುವುದನ್ನೇ ವ್ರತವಾಗಿ ಹಿಡಿದವಳು ಹೆಸರಿಸಬಾರದ ಒಂದೇ ಒಂದು ಹೆಸರನ್ನು ಆಡಿಬಿಟ್ಟಿದ್ದೆ. ಮ್ಯಾನೇಜರ್ ಅದನ್ನು ನಿಧಾನವಾಗಿ ಬರೆದುಕೊಂಡ. ರೇಣುಕಾ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು ಎಂಬುದು ಆಗಷ್ಟೇ ನನಗೆ ತಿಳಿಯಿತು. ಮಾತುಕತೆ ಮುಗಿಯಿತು. ಟೇಬಲ್ಲಿನ ಮಾತು ಅಲ್ಲೇ ನಿಂತಿತು.

ಗೇಟಿನ ಬಳಿ ಎದೆಬಡಿತ ತಾಳ ತಪ್ಪಿತು. ಬಡಿಯುವುದು, ನಿಲ್ಲುವುದು, ಒಟ್ಟೊಟ್ಟಿಗೆ ನಾಲ್ಕು ಬಡಿಯುವುದು. ಕಾಲು ಕುಸಿಯಿತು. ಎರಡು ತಿಂಗಳು ರೇಣುಕಾಳನ್ನು ಒಳಬಿಡದಿದ್ದ ಅದೇ ಕಾವಲುಗಾರ ತನ್ನ ಕುರ್ಚಿ ತಂದು ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟು, ಓಡಿಹೋಗಿ ಆಟೋ ನಿಲ್ಲಿಸಿದ. ಅವನೂ ಗುತ್ತಿಗೆಯವನೇ. ಅವನ ಹೆಸರನ್ನು ಅದುವರೆಗೆ ನಾನು ಕೇಳಿರಲಿಲ್ಲ.

ಆಟೋದಲ್ಲಿ ರೇಣುಕಾ ಮೂರು ಬೆರಳಿನ ಕೈಯಿಂದ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದಳು. ಏನಾಗಿದೆ ಎಂದು ಕೇಳಿದಳು. ಹೇಳಿದೆ.

"ಯಾವಾಗ ಗೊತ್ತಾತ್ರಿ?"

ಹನ್ನೊಂದು ದಿನವಾಯಿತು ಎಂದೆ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತ್ತು. ಅವಳು ಹೊರಗೆ ನೋಡುತ್ತಲೇ ಹೇಳಿದಳು: "ನಮ್ಗ ನೂರು ಸರ್ತಿ ಹೇಳೀರಿ ಅಕ್ಕಾರ, ಯಾರು ಅವಸರ ಮಾಡಿದ್ರೂ ಬಟನ್ನಿಗೆ ಟೇಪ್ ಸುತ್ತಬ್ಯಾಡ್ರಿ ಅಂತ. ನೀವು ಸುತ್ಕೊಂಡು ಬಂದೀರಿ. ನಿಮ್ಮ ಬೆರಳು ಹೋಗಲಿಲ್ಲ, ಆಕಿದು ಹೋತು."

ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಎದೆಗೆ ತಂತಿಗಳು, ತಲೆಯ ಬಳಿ ಸದ್ದು ಮಾಡುವ ಪರದೆ. ಪರದೆಯ ಅಂಕಿಗಿಂತ ನನ್ನನ್ನು ಕಾಡಿದ್ದು ಆ ಹೆಂಗಸಿನ ಮುಖ. ಎರಡನೆಯ ದಿನ ಸುದ್ದಿ ಬಂತು: ಅವರನ್ನು ಯಂತ್ರಸಾಲಿನಿಂದ ತೆಗೆದು ಗೋದಾಮಿನ ಮೂಟೆ ಹೊರುವ ಕೆಲಸಕ್ಕೆ ಹಾಕಿದ್ದಾರೆ. ಯಾವ ಕಾನೂನಿನ ಯಾವ ಕಲಮಿನಡಿ ಇದು ತಪ್ಪು ಎಂದು ಮಲಗಿದಲ್ಲೇ ಹೇಳಬಲ್ಲವಳಾಗಿದ್ದೆ. ಮೊದಲ ತಪ್ಪಿತಸ್ಥೆ ಹಾಸಿಗೆಯಲ್ಲಿದ್ದಾಳೆ ಎಂಬುದಕ್ಕೆ ಕಲಮಿರಲಿಲ್ಲ.

ಮನೆಗೆ ಬಂದ ಮೇಲಿನ ವಾರಗಳೇ ಕಷ್ಟದವು. ದೇಹ ಓಡು ಎನ್ನುತ್ತಿತ್ತು, ಎಲ್ಲರೂ ಕೂರು ಎನ್ನುತ್ತಿದ್ದರು. ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಹಡಿಗೆ ನಡೆದೆ. ಅತ್ತೆ ನನ್ನ ಫೋನನ್ನು ರಾಗಿ ಡಬ್ಬಿಯೊಳಗೆ ಬಚ್ಚಿಟ್ಟರು. ಅದು ಒಳಗೇ ರಿಂಗಾಗುತ್ತಿತ್ತು, ಅವರು ಕೇಳಿಸದವರಂತೆ ಸೊಪ್ಪು ಬಿಡಿಸುತ್ತಿದ್ದರು. ಹೊರಗಿನ ಅನ್ಯಾಯ ಸಿಗದೆ ಮನೆಯೊಳಗಿನದನ್ನು ಪಟ್ಟಿಮಾಡತೊಡಗಿದೆ: ಮಂಜುನಾಥ ತಟ್ಟೆ ತೊಳೆಯುವುದಿಲ್ಲ, ಅತ್ತೆ ಕೊನೆಗೆ ಉಣ್ಣುತ್ತಾರೆ, ಮಗಳಿಗೇ ಏಕೆ ಗುಡಿಸಲು ಹೇಳುವುದು. ಎಲ್ಲವೂ ನಿಜವಾದ ತಪ್ಪುಗಳೇ. ಮಗಳು ಒಮ್ಮೆ, ಅಮ್ಮಾ, ಇದು ನೀನು ಹೇಳ್ತಿರೋದಾ, ಥೈರಾಯ್ಡಾ ಎಂದು ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ. ತಿಳಿಯದಿರುವುದೇ ಈ ಕಾಯಿಲೆಯ ನಿಜವಾದ ಸಂಕಟವೆಂದು ಈಗ ಅನಿಸುತ್ತದೆ. ಜ್ವರ ಬಂದರೆ ಅದು ಜ್ವರವೆಂದು ಗೊತ್ತಾಗುತ್ತದೆ. ಇದು ನನ್ನದೇ ಸ್ವಭಾವದ ಬಟ್ಟೆ ತೊಟ್ಟು ಬಂದಿತ್ತು.

ಈ ಮಾತ್ರೆಯಿಂದ ಬಿಳಿ ರಕ್ತಕಣಗಳು ಕುಸಿಯುವ ಅಪಾಯವಿದೆ, ತಿನ್ನುವವರು ಗಂಟಲು ನೋವು ಬಂದರೆ ಉಪೇಕ್ಷಿಸದೆ ಕೂಡಲೇ ರಕ್ತ ಪರೀಕ್ಷಿಸಿಕೊಳ್ಳಬೇಕು. ಒಂದು ಬೆಳಿಗ್ಗೆ ಗಂಟಲು ಕೆರೆಯಿತು. ಪ್ರಯೋಗಾಲಯದ ಹಜಾರದಲ್ಲಿ ಎರಡು ಗಂಟೆ ಕಾದೆ. ಏಳುವುದು, ಕೂರುವುದು, ಕಿಟಕಿಯಲ್ಲಿ ಕೇಳುವುದು. ಪಕ್ಕದಲ್ಲಿದ್ದ, ಕಟ್ಟಡ ಕೆಲಸದ ಸಿಮೆಂಟು ಇನ್ನೂ ಉಗುರಲ್ಲಿದ್ದ ಹೆಂಗಸು ನನ್ನ ಕೈಯಿಂದ ಟೋಕನ್ ತೆಗೆದುಕೊಂಡು, ನಿಮ್ಮ ನಂಬರ್ ನಾ ಕೇಳಿಸ್ಕೊಂತೀನಿ, ನೀವು ಕಣ್ಣು ಮುಚ್ರಿ ಎಂದಳು. ಮುಚ್ಚಿದೆ. ನನ್ನ ಸರದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನೆ ಕುಳಿತದ್ದು, ನನಗೆ ನೆನಪಿರುವಂತೆ, ಅದೇ ಮೊದಲು. ಗಂಟಲಿನದು ಬರೀ ನೆಗಡಿ.

ಐದನೆಯ ವಾರದಲ್ಲಿ ರೇಣುಕಾ ಮನೆಗೆ ಬಂದಳು. ಅವಳು ಸುಮ್ಮನಿರಲಿಲ್ಲ. ಗೋದಾಮಿಗೆ ಹಾಕಿದ್ದ ಆ ಹೆಂಗಸಿನ ಮನೆಗೆ ತಾನೇ ಹೋಗಿ, ಬೈಸಿಕೊಂಡು, ಮತ್ತೆ ಹೋಗಿ, ಸಾಲಿನ ಇನ್ನೂ ನಾಲ್ವರನ್ನು ಸೇರಿಸಿದ್ದಳು. ಅವರೆಲ್ಲ ಒಟ್ಟಾಗಿ ಕೇಳಿದ್ದರಿಂದ ಮ್ಯಾನೇಜರ್ ಇನ್ನೊಂದು ಸಲ ಕೂರಲು ಒಪ್ಪಿದ್ದ. ಬರುವ ಗುರುವಾರ.

ನನಗೆ ಆ ಕ್ಷಣದಲ್ಲೇ ಸೀರೆ ಬದಲಿಸಿ ಹೊರಡಬೇಕೆನಿಸಿತು. ಮೈ ಎಷ್ಟೋ ಹಗುರಾಗಿತ್ತು. ಹೋದ ಸಲದ್ದನ್ನು ನಾನೇ ಸರಿಪಡಿಸಬೇಕು, ಅದು ನನ್ನ ಹೊಣೆ ಎಂಬ ಮಾತು ಬಾಯಿಗೆ ಬಂದಿತ್ತು. ಹೊಣೆ ಎಂಬ ಪದ ಬಹಳ ಮೋಸದ್ದು. ಅದರ ಹಿಂದೆ ಎಂಥ ಹಟವೂ ಅಡಗಿ ಕೂರಬಲ್ಲದು. ಮೇಜಿನ ಮೇಲೆ ಮಗಳ ಲೆಕ್ಕದ ಪುಸ್ತಕವಿತ್ತು. ಒಂದು ಹಾಳೆ ಹರಿದು, ಕೈ ಚಾಚಿ, ವೈದ್ಯೆ ಮಾಡಿದಂತೆ ಬೆರಳುಗಳ ಮೇಲೆ ಇಟ್ಟುಕೊಂಡೆ. ಹಾಳೆಯ ತುದಿ ಇನ್ನೂ ನಡುಗುತ್ತಿತ್ತು. ಮೊದಲಿನಷ್ಟಲ್ಲ, ಆದರೆ ನಡುಗುತ್ತಿತ್ತು.

"ನಾನು ಬರಲ್ಲ ರೇಣುಕಾ," ಎಂದೆ. "ಅವನು ಚುಚ್ಚಿದ್ರೆ ನನಗೆ ಇನ್ನೂ ತಡ್ಕೊಳ್ಳೋಕಾಗಲ್ಲ. ನೀವೇ ಮಾತಾಡಿ."

ಅವಳು ಉಸಿರು ಬಿಟ್ಟಳು. "ಬರಬ್ಯಾಡ್ರಿ ಅಂತ ಹೇಳಾಕ ಬಂದಿದ್ದೆನ್ರಿ ಅಕ್ಕಾರ. ಹೆಂಗ ಹೇಳ್ಲಿ ಅಂತ ಆಟೋದಾಗ ಬರೂಮುಂದ ಅದನ್ನ ಯೋಚ್ನಿ ಮಾಡ್ಕೋಂತ ಬಂದೆ."

ಅತ್ತೆ ಒಳಗಿನಿಂದಲೇ ನಕ್ಕದ್ದು ಕೇಳಿಸಿತು. ನೋವಾಯಿತು. ಜೊತೆಗೆ, ಹೇಗೆ ಹೇಳಲಿ, ಭುಜದ ಮೇಲಿನಿಂದ ಯಾರೋ ಮೂಟೆ ಇಳಿಸಿದಂತೆಯೂ ಆಯಿತು. ಆಡಬೇಕಾದ ಹದಿನಾಲ್ಕು ಅಂಶಗಳನ್ನು ಬರೆದುಕೊಟ್ಟೆ. ಅಕ್ಷರ ಈಗ ಓದುವಂತಿತ್ತು.

ಗುರುವಾರ ಬೆಳಿಗ್ಗೆಯಿಂದ ನಾನು ಮಾಡಿದ್ದು ಕಾಯುವುದೊಂದೇ. ಫೋನು ಕೇಳಿದೆ, ಅತ್ತೆ ರಾಗಿ ಕೊಡವಿ ಕೊಟ್ಟರು. ಹತ್ತು, ಹನ್ನೊಂದು, ಹನ್ನೆರಡು. ಈಗ ಚಹಾ ಬಂದಿರುತ್ತದೆ, ಈಗ ಚುಚ್ಚುಮಾತು. ರೇಣುಕಾ ಏನೆನ್ನುತ್ತಾಳೆ ಎಂದು ನೂರು ಉತ್ತರಗಳನ್ನು ಅವಳ ಪರವಾಗಿ ಮನಸ್ಸಿನಲ್ಲೇ ಆಡಿದೆ. ಊಟದ ಗಂಟೆಯ ಹೊತ್ತಿಗೆ ಕರೆ ಬಂತು. ಸೋಮವಾರದಿಂದ ತಪಾಸಣೆಯ ಮೇಜು ಸಿಕ್ಕಿದೆ, ಮೂರು ತಿಂಗಳು ನೋಡಿ ಮುಂದಿನದು ಎಂದಿದ್ದಾರೆ, ಎಂದಳು. ಚುಚ್ಚುಮಾತಿಗೆ ಏನೆಂದೆ ಎಂದು ಕೇಳಿದೆ.

"ಏನೂ ಅನ್ನಲಿಲ್ರಿ. ಕೈ ಮೇಜಿನ ಮ್ಯಾಲ ಇಟ್ಟೆ. ಅಂವ ನೋಡಿದ. ಆಮ್ಯಾಲೆ ಮಾತಾಡಿದ್ವಿ."

ನನ್ನ ಹದಿನಾಲ್ಕು ಅಂಶಗಳಲ್ಲಿ ಎಷ್ಟು ಹೇಳಿದಿರಿ ಎಂದರೆ, ಒಂದು ಎಂದಳು. ಉಳಿದ ಹದಿಮೂರು ಇನ್ನೂ ಬಾಕಿಯಿವೆ. ಅವನ್ನು ನಾನು ಮರೆತಿಲ್ಲ. ಬೀಗ ಇನ್ನೂ ಇದೆ, ಚೀಟಿ ಇನ್ನೂ ಇದೆ. ರಕ್ತಪರೀಕ್ಷೆಯ ಅಂಕಿಗಳು ಹಿಡಿತಕ್ಕೆ ಬಂದ ಮೇಲೆ ಒಂದು ದಿನ ಇನ್ನೊಂದು ಕಾರ್ಖಾನೆಯ ಅಪಘಾತದ ಸುದ್ದಿ ಕೇಳಿ ನನ್ನ ಎದೆ ಹಾರಲಿಲ್ಲ. ಮಾತ್ರೆ ನನ್ನನ್ನು ಕಲ್ಲು ಮಾಡಿತೇ ಎಂದು ಗಾಬರಿಯಾದೆ. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ನಿಧಾನವಾಗಿ ಬಂತು, ಬಂದು ಕೂತಿತು, ಹೋಗಲಿಲ್ಲ. ಅದು ನನ್ನದೆಂದು ತಿಳಿಯಿತು. ಈಗ ಮಾತ್ರೆ ದಿನಕ್ಕೆ ಒಂದಕ್ಕೆ ಇಳಿದಿದೆ. ಮಾತುಕತೆಗೆ ಹೊರಡುವ ಮುನ್ನ ಹೋಗಬಲ್ಲೆನೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಕೆಲವು ದಿನ ಉತ್ತರ ಇಲ್ಲ ಎಂದಿರುತ್ತದೆ. ಆ ದಿನ ಇನ್ನೊಬ್ಬರು ಹೋಗುತ್ತಾರೆ.

ಗೋದಾಮಿನ ಹೆಂಗಸು ಯಂತ್ರಸಾಲಿಗೆ ಮರಳಲಿಲ್ಲ. ಲಗ್ಗೆರೆಯ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನೀರು ಕೊಟ್ಟರು, ಒಳಗೆ ಕರೆಯಲಿಲ್ಲ. ಕಾಯಿಲೆಯಿತ್ತು ಎಂದು ಹೇಳಿಕೊಳ್ಳಬಾರದೆಂದು ನಿರ್ಧರಿಸಿ ಹೋಗಿದ್ದೆ, ಹೇಳಲಿಲ್ಲ. ಇಲ್ಲಿಯವರೆಗೆ ಬರೆದ ಮೇಲೆ ಮತ್ತೊಮ್ಮೆ ಹೋಗಿ, ಹೊಸ್ತಿಲಲ್ಲೇ ನಿಂತು ಪೂರ್ತಿ ಓದಿ ಹೇಳಿದೆ. ತಮ್ಮ ಊರನ್ನೂ ಮಕ್ಕಳನ್ನೂ ಕುರಿತ ಎರಡು ಸಾಲು ಬೇಡ ಎಂದರು. ಪೆನ್ನು ಅವರ ಕೈಗೇ ಕೊಟ್ಟೆ. ಅವರು ಆ ಸಾಲುಗಳ ಅಕ್ಷರ ಕಾಣದಂತೆ ಗಟ್ಟಿಯಾಗಿ ಗೀಚಿ, ಪೆನ್ನು ಹಿಂದಿರುಗಿಸಿ, ಬಾಗಿಲು ಹಾಕಿಕೊಂಡರು.